ಬೆತ್ತದಿಂದ ಮೂಳೆ!

ಬೆತ್ತವನ್ನು ಮೂಳೆಯಾಗಿ ಮಾರ್ಪಡಿಸಬಹುದು! ಸಕಲೇಶಪುರ ಸೀಮೆಯ ಬಿಸಿಲೆ ಕಾಡಿಗೆ ಹೊಕ್ಕವರ ಬಟ್ಟೆಗೆ ಮುಳ್ಳು ಸಿಕ್ಕಿಸಿ ನಿಲ್ಲಿಸುವ, ಆಲೂರು ಕಡೆಯ ಹಳೇ ಮನೆಗಳಲ್ಲಿ ಬುಟ್ಟಿ, ಕುರ್ಚಿಯಾಗಿ ಕೂತಿರುವ ಬೆತ್ತದ ಕುಲದ್ದೇ ಬಳ್ಳಿ ಇದು. (ಹಿಂದಿನ ಮೇಷ್ಟರು ಅದನ್ನು ಮೂಳೆಯ ಮೇಲೆ ಪ್ರಯೋಗಿಸಿದ ರೀತಿಯೇ ಬೇರೆ, ಬಿಡಿ.)

ಇಟಲಿಯ ಫಾಯೆಂಜಾ ಪಟ್ಟಣದ ವಿಜ್ಞಾನಿ ಅನ್ನಾ ತಾಂಪಿಯೇರಿ ಮತ್ತು ಸಂಗಡಿಗರು ಈ ವಿಧಾನವನ್ನು 2009ರಲ್ಲಿ ಪ್ರಕಟಿಸಿದರು. ಬೆತ್ತದ ತುಂಡನ್ನು ಗಾಳಿಯಾಡದ ಕುಲುಮೆಯಲ್ಲಿ ಕಾಯಿಸಿದರೆ ಬರೀ ಇದ್ದಿಲು ಉಳಿಯುತ್ತದೆ. ಆ ಇದ್ದಿಲಿಗೆ ಮೊದಲು ಕ್ಯಾಲ್ಸಿಯಂ, ಆಮೇಲೆ ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಕೊನೆಗೆ ಫಾಸ್ಫೇಟ್. ಹೀಗೆ ಹಂತಹಂತವಾಗಿ ಉಣಿಸಿದರೆ ಇದ್ದಿಲು ಹೋಗಿ ಹೈಡ್ರಾಕ್ಸಿಅಪಟೈಟ್ ಆಗುತ್ತದೆ. ನಮ್ಮ ಎಲುಬು, ಹಲ್ಲುಗಳ ಮುಖ್ಯ ಖನಿಜವೂ ಇದೇ ಬಗೆಯದು.

ಪೈನ್ ಮರದಲ್ಲೂ ಪ್ರಯತ್ನಿಸಿದ್ದರು. ಆದರೆ ಬೆತ್ತದ ಗುಣವೇ ಬೇರೆ. ಅದರೊಳಗೆ ಉದ್ದಕ್ಕೂ ನೀರು ಹರಿಯುವ ಸಣ್ಣ ಸಣ್ಣ ನಾಳಗಳಿರುತ್ತವೆ. ಸುಟ್ಟು ಖನಿಜವಾದ ಮೇಲೂ ಆ ನಾಳಗಳು ಮುಚ್ಚುವುದಿಲ್ಲ. ಮೂಳೆಯ ಜೀವಕೋಶಗಳು, ರಕ್ತನಾಳಗಳು ಒಳಗೆ ನುಸುಳಿ ಬೆಳೆಯಲು ಇದೇ ದಾರಿ.

ಅಪಘಾತದಲ್ಲೋ, ಗಡ್ಡೆ ತೆಗೆದಾಗಲೋ ಮೂಳೆಯ ದೊಡ್ಡ ತುಂಡೇ ಹೋದರೆ ಆ ಅಂತರ ತಾನಾಗಿ ಕೂಡಿಕೊಳ್ಳದು. ಅಂಥಲ್ಲಿ ಈ ತುಂಡು, ಮನೆ ಕಟ್ಟುವಾಗ ಹಾಕುವ ಸಾರುವೆಯಂತೆ ಆಸರೆಯಾಗುತ್ತದೆ. ಆದರೆ ಬಿಚ್ಚುವ ಕೆಲಸವಿಲ್ಲ. ಹೊಸ ಮೂಳೆ ಬೆಳೆದಂತೆ ದೇಹವೇ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಮನುಷ್ಯರಿಗಿಂತ ಮೊದಲು ಈ ಬೆತ್ತದ ಮೂಳೆ ಸೇರಿದ್ದು ಕುರಿಗಳ ಮೈಗೆ.