ಕಬ್ಬಿಣವಿದ್ದರೆ ಸಾಲದು

ಕುದುರೆಮುಖದ ಕಪ್ಪು ಅದಿರಿನ ಪುಡಿಗೆ ಅಯಸ್ಕಾಂತ ಹಿಡಿದರೆ ಮುಳ್ಳುಮುಳ್ಳಾಗಿ ಮೇಲೆದ್ದು ಅಂಟಿಕೊಳ್ಳುತ್ತದೆ. ಸಂಡೂರಿನ ಕೆಂಪು ಅದಿರಿನ ಪುಡಿಗೆ ಅದೇ ಅಯಸ್ಕಾಂತ ಹಿಡಿಯಿರಿ, ಅದು ಬಹುಪಾಲು ಬಿದ್ದಲ್ಲೇ ಬಿದ್ದಿರುತ್ತದೆ. ಮೊದಲನೆಯದರಲ್ಲಿರುವುದು ಮ್ಯಾಗ್ನಟೈಟ್, ಎರಡನೆಯದರಲ್ಲಿ ಹೆಮಟೈಟ್. ಎರಡೂ ಕಬ್ಬಿಣ ಮತ್ತು ಆಮ್ಲಜನಕ ಕೂಡಿ ಆದ ಖನಿಜಗಳೇ. ಶುದ್ಧ ಮ್ಯಾಗ್ನಟೈಟಿನ ತೂಕದಲ್ಲಿ ಶೇ. 72ರಷ್ಟು ಕಬ್ಬಿಣ, ಹೆಮಟೈಟಿನಲ್ಲಿ ಶೇ. 70ರಷ್ಟು. ಅಂದಮೇಲೆ ಗುಟ್ಟು ಕಬ್ಬಿಣದ ಪ್ರಮಾಣದಲ್ಲಿಲ್ಲ.

ಪ್ರತಿಯೊಂದು ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಹೆಚ್ಚಿನ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಜೋಡಿಯಾಗಿ ತಮ್ಮ ಕಾಂತತ್ವವನ್ನು ಅಳಿಸಿಕೊಂಡಿರುತ್ತವೆ. ಕಬ್ಬಿಣದ ಪರಮಾಣುವಿನಲ್ಲಿ ಕೆಲವಕ್ಕೆ ಜೋಡಿಯಿಲ್ಲ. ಹಾಗಾಗಿ ಪರಮಾಣುವೇ ಅಯಸ್ಕಾಂತದಂತೆ ವರ್ತಿಸುತ್ತದೆ. ಆದರೆ ಹರಳಿನೊಳಗೆ ಅದು ಒಂಟಿಯಲ್ಲ, ನೆರೆಯ ಪರಮಾಣುಗಳ ಮಾತು ಕೇಳಬೇಕು. ಈ ಖನಿಜಗಳಲ್ಲಿ ನಡೆಯುವುದು ಎದುರುಬದುರು ದಿಕ್ಕಿಗೆ ಮುಖಮಾಡಿದ ಪರಮಾಣುಗಳ ಎರಡು ತಂಡಗಳ ಹಗ್ಗಜಗ್ಗಾಟ. ಹೆಮಟೈಟಿನಲ್ಲಿ ಎರಡೂ ತಂಡಗಳ ಬಲ ಸರಿಸಮ. ದಿಕ್ಕಿನಲ್ಲಿ ಕೂದಲೆಳೆಯ ಓರೆಯಿರುವುದರಿಂದ ತೀರಾ ಕ್ಷೀಣ ಕಾಂತತ್ವವಷ್ಟೇ ಉಳಿಯುತ್ತದೆ. ಮ್ಯಾಗ್ನಟೈಟಿನಲ್ಲಿ ಪ್ರತಿ ಮೂರು ಕಬ್ಬಿಣದ ಪರಮಾಣುಗಳಲ್ಲಿ ಎರಡು ಎದುರುಬದುರಾಗಿ ಎಳೆದು ಸೊನ್ನೆಯಾಗುತ್ತವೆ, ಮೂರನೆಯದರ ಬಲ ಹಾಗೇ ಮಿಗುತ್ತದೆ. ಅಯಸ್ಕಾಂತಕ್ಕೆ ಸಿಗುವುದು ಆ ಮಿಗುತಾಯ. 1948ರಲ್ಲಿ ಇದನ್ನು ಬಿಡಿಸಿ ಹೇಳಿದವರು ಫ್ರಾನ್ಸಿನ ಲೂಯಿ ನೀಲ್. 1970ರಲ್ಲಿ ಅವರಿಗೆ ನೊಬೆಲ್ ಬಂತು. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಕುದುರೆಮುಖದಲ್ಲಿ ಬಂಡೆಯನ್ನು ಅರೆದು ಅದಿರನ್ನು ಬೇರ್ಪಡಿಸಲು ನೆರವಾಗುತ್ತಿದ್ದುದೂ ಇದೇ ಗುಣ.

ಅಪ್ಪಟ ಕಬ್ಬಿಣದಲ್ಲಿ ಪರಮಾಣುಗಳು ಒಂದೇ ದಿಕ್ಕಿಗೆ ಮುಖಮಾಡುತ್ತವೆ, ಅದಕ್ಕೇ ಅಷ್ಟು ಬಲವಾದ ಸೆಳೆತ. ಆದರೆ 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಶಾಖದ ಕುದಿತಕ್ಕೆ ಆ ಶಿಸ್ತು ಮುರಿದುಬೀಳುತ್ತದೆ. ಕೆಂಪಗೆ ಕಾದ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟಿತೇ ಎಂದು ನೋಡಿ ಹದ ತಿಳಿಯುವ ಕಮ್ಮಾರರಿದ್ದಾರೆ. ಪಿಯರ್ ಕ್ಯೂರಿ 1895ರಲ್ಲಿ ಅಳೆದು ನೋಡಿದ್ದು ಇಂಥ ಬದಲಾವಣೆಗಳನ್ನೇ.

ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು, ಅಂಟಿದರೆ ಸ್ಟೀಲು ಕಳಪೆ ಎಂದು ತೀರ್ಪು ಕೊಡುವವರಿದ್ದಾರೆ. ಈ ಪರೀಕ್ಷೆಯನ್ನು ನಂಬಬೇಡಿ. ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ನಿಕ್ಕಲ್ ಸೇರಿ ಹರಳಿನ ಜೋಡಣೆ ಬದಲಾಗಿರುವುದರಿಂದ ಅದು ಅಂಟುವುದಿಲ್ಲ. ನಿಕ್ಕಲ್ ಇಲ್ಲದ, ಕ್ರೋಮಿಯಂ ಮಾತ್ರ ಇರುವ ಸ್ಟೇನ್‌ಲೆಸ್ ಸ್ಟೀಲೂ ಅಸಲಿಯೇ, ಅದು ಅಂಟುತ್ತದೆ. ಇಂಡಕ್ಷನ್ ಒಲೆಗೆ ಬೇಕಾಗುವುದು ಇಂಥದ್ದೇ ತಳ.

ಇನ್ನು ಕಬ್ಬಿಣದ ಸೋಂಕೇ ಇಲ್ಲದ ವಸ್ತುಗಳು. ಆಮ್ಲಜನಕದ ಅಣುವಿನಲ್ಲಿ ಜೋಡಿಯಿಲ್ಲದ ಎರಡು ಎಲೆಕ್ಟ್ರಾನುಗಳಿವೆ. ಸೊನ್ನೆಗಿಂತ 183 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಿದ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಕೆಳಗೆ ಹರಿಯದೆ ಅಲ್ಲೇ ತೂಗಿ ನಿಲ್ಲುತ್ತದೆ. ಇಂಥವು ಪ್ಯಾರಾಕಾಂತೀಯ ವಸ್ತುಗಳು. ನೀರು, ಮರ, ಬಿಸ್ಮತ್ ಇವುಗಳಿಗೆ ಅಯಸ್ಕಾಂತವನ್ನು ಕಂಡರೆ ಅಷ್ಟಿಷ್ಟು ವಿಕರ್ಷಣೆ, ಇವು ಡಯಾಕಾಂತೀಯ. ಆ ತಳ್ಳುವಿಕೆ ಎಷ್ಟು ಮೆಲುವೆಂದರೆ ಮನೆಯ ಅಯಸ್ಕಾಂತದಿಂದ ಗಮನಕ್ಕೇ ಬಾರದು. 1997ರಲ್ಲಿ ನೆದರ್‌ಲೆಂಡ್ಸಿನ ನೈಮೇಖನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಸುಮಾರು 16 ಟೆಸ್ಲಾದ ಕಾಂತಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನೇ ಗಾಳಿಯಲ್ಲಿ ತೇಲಿಸಿ ಅದನ್ನು ಲೋಕಕ್ಕೆ ತೋರಿಸಿದರು. ಕಪ್ಪೆಯ ಮೈತುಂಬ ಇದ್ದದ್ದು ನೀರು ತಾನೆ!

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆರಗಿನದು ರಕ್ತ. ಮೈಯಲ್ಲಿರುವ ಸುಮಾರು 4 ಗ್ರಾಂ ಕಬ್ಬಿಣದಲ್ಲಿ ಬಹುಪಾಲು ಹಿಮೋಗ್ಲೋಬಿನ್‌ನಲ್ಲಿದೆ. ಅದನ್ನು ಸೆಳೆದು ರಕ್ತ ಸಂಚಾರ ಹೆಚ್ಚಿಸುತ್ತದೆಂದು ಮಾರುವ ಅಯಸ್ಕಾಂತದ ಕಡಗಗಳಿಗೆ ದಯವಿಟ್ಟು ಹಣ ಸುರಿಯಬೇಡಿ. ಅಲ್ಲಿರುವುದು ಕಬ್ಬಿಣದ ಚೂರುಗಳಲ್ಲ, ಅಣುಗಳಲ್ಲಿ ದೂರದೂರ ಹುದುಗಿದ ಬಿಡಿ ಪರಮಾಣುಗಳು. ಮೈಕೆಲ್ ಫ್ಯಾರಡೆ 1845ರಲ್ಲೇ ಒಣಗಿದ ರಕ್ತವನ್ನು ಪರೀಕ್ಷಿಸಿದಾಗ ಸೆಳೆತ ಕಂಡಿರಲಿಲ್ಲ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರ್ಯೆಲ್ ಸೂಕ್ಷ್ಮವಾಗಿ ಅಳೆದಾಗ ಸಿಕ್ಕಿದ್ದು ವಿಚಿತ್ರ: ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಡಯಾಕಾಂತೀಯ, ಅದನ್ನು ಇಳಿಸಿದ ಕೂಡಲೇ ಪ್ಯಾರಾಕಾಂತೀಯ. ಆಮ್ಲಜನಕ ಕಳೆದುಕೊಂಡ ರಕ್ತ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ತುಸು ಕದಡುತ್ತದೆ. 1990ರಲ್ಲಿ ಸೇಜಿ ಒಗಾವಾ ಆ ಕದಡುವಿಕೆಯನ್ನು ಎಂಆರ್‌ಐ ಚಿತ್ರಗಳಲ್ಲಿ ಗುರುತಿಸಿದರು. ಮಿದುಳಿನ ಒಂದು ಭಾಗ ಕೆಲಸಕ್ಕಿಳಿದಾಗ ಅಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ಆಮ್ಲಜನಕದ ರಕ್ತ ನುಗ್ಗುತ್ತದೆ, ಕದಡುವಿಕೆ ತಗ್ಗುತ್ತದೆ, ಅಲ್ಲಿನ ಸಂಕೇತ ಬಲವಾಗುತ್ತದೆ. ನಾವು ಓದುವಾಗ, ಬೆರಳಾಡಿಸುವಾಗ ಮಿದುಳಿನ ಯಾವ ಮೂಲೆ ದುಡಿಯುತ್ತಿದೆಯೆಂದು ತಲೆ ಕೊಯ್ಯದೆ, ಔಷಧಿ ಚುಚ್ಚದೆ ತಿಳಿಯಲಾಗುತ್ತಿರುವುದು ಹೀಗೆ.