ರಸ್ತೆಯಿಲ್ಲದ ಗುಡ್ಡದಲ್ಲಿ ಓಟದ ಖುಷಿ

ಓಟ ಎಂದ ಕೂಡಲೇ ಮೈದಾನವೋ ಡಾಂಬರು ರಸ್ತೆಯೋ ನೆನಪಾಗುವುದು ಸಹಜ. ಆದರೆ ಇಂಗ್ಲೆಂಡಿನ ವಾಯವ್ಯ ಭಾಗದ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಗುಡ್ಡಗಳನ್ನೇ ಓಡುತ್ತಾ ಹತ್ತಿ ಇಳಿಯುವ ಕ್ರೀಡೆಯಿದೆ. ಅಲ್ಲಿ ಗುಡ್ಡಕ್ಕೆ 'ಫೆಲ್' ಎನ್ನುವುದರಿಂದ ಇದಕ್ಕೆ 'ಫೆಲ್ ರನ್ನಿಂಗ್' ಎಂದು ಹೆಸರು.

ಈ ಓಟದಲ್ಲಿ ಬಹಳಷ್ಟು ಕಡೆ ದಾರಿಯ ಗುರುತಿರುವುದಿಲ್ಲ. ಕಲ್ಲು, ಜೌಗು, ಹುಲ್ಲು ನೋಡಿಕೊಂಡು ಓಟಗಾರನೇ ದಾರಿ ಹುಡುಕಬೇಕು. ಒಂದು ಹೆಜ್ಜೆಯಂತೆ ಇನ್ನೊಂದಿಲ್ಲ. ಕಣ್ಣು, ಕಾಲು, ಮನಸ್ಸು ಮೂರೂ ನೆಲದ ಮೇಲೇ ಇರುವುದರಿಂದ ಬೇರೆ ಚಿಂತೆಗೆ ಜಾಗವಿಲ್ಲ. ಖುಷಿಯ ಗುಟ್ಟು ಇದೇ.

ಕೆಸ್ವಿಕ್ ಪಟ್ಟಣದಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರ ಜೂನ್‌ನಲ್ಲಿ 42 ಶಿಖರಗಳನ್ನು 24 ಗಂಟೆಯೊಳಗೆ ಸುತ್ತಿ ಬಂದರು. ದೂರ ಸುಮಾರು 106 ಕಿ.ಮೀ. ಇನ್ನೊಬ್ಬರು ಇದನ್ನು ಸಾಧಿಸಿದ್ದು 1960ರಲ್ಲಿ. ಈ ಸುತ್ತು ಮುಗಿಸಿದವರಿಗೆ ಇಂದಿಗೂ ಹಣದ ಬಹುಮಾನವಿಲ್ಲ.

ಕುರಿ ಸಾಕಣೆಯ ರೈತ ಜಾಸ್ ನೇಲರ್ (1936-2024) 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಟ್ಟಿದರು. ಕುರಿಗಳ ಹಿಂದೆ ಅಲೆದ ಗುಡ್ಡವೇ ಅವರಿಗೆ ಓಟದ ಅಂಗಳವಾಯಿತು.

ಹಾಗೆಂದು ಅಸಡ್ಡೆ ಸಲ್ಲದು. ಮಂಜು ಕವಿದರೆ ದಾರಿ ತಪ್ಪುತ್ತದೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಸಿಕ್ಕರೆ ಮೈಶಾಖ ಇಳಿದು ಪ್ರಾಣಕ್ಕೇ ಅಪಾಯ. ಆದ್ದರಿಂದಲೇ ದೂರದ ಸ್ಪರ್ಧೆಗಳಲ್ಲಿ ನಕ್ಷೆ, ದಿಕ್ಸೂಚಿ, ಮಳೆ ಅಂಗಿ, ತಿನಿಸು ಕಡ್ಡಾಯ. ಸುಸ್ತಾದರೆ ಏರಿನಲ್ಲಿ ನಡೆಯುವುದೂ ಅವಮಾನವಲ್ಲ. ಕಡಿದಾದ ಕಡೆ ನುರಿತವರೂ ಮಂಡಿಯ ಮೇಲೆ ಕೈಯೂರಿ ನಡೆದೇ ಹತ್ತುತ್ತಾರೆ.

ದನ, ಕುರಿ ಹಿಂದೆ ಗುಡ್ಡ ಸುತ್ತಿ ಬೆಳೆದವರ ಕಾಲಿಗೆ ಈ ವಿದ್ಯೆ ಹೊಸದೇನಲ್ಲ.