ಹಳೇ ರೆಕಾರ್ಡಿಗೆ ಲಕ್ಷ ರೂಪಾಯಿಯೇ? ಗ್ರಾಮಫೋನ್ ತಟ್ಟೆಯ ಬೆಲೆ, ಕೊರತೆ ಮತ್ತು ಎಂಟು ತಪ್ಪು ಕಲ್ಪನೆಗಳು

ಹಳೇ ನೋಟು, ಹಳೇ ನಾಣ್ಯದ ಸಾಲಿಗೆ ಈಗ ಹಳೇ ಗ್ರಾಮಫೋನ್ ರೆಕಾರ್ಡೂ ಸೇರಿಕೊಂಡಿದೆ. ಮೊಬೈಲಿನಲ್ಲಿ ಹರಿದಾಡುವ ವಿಡಿಯೊ ನೋಡಿ ಅಟ್ಟ ಹತ್ತುವವರು ಸಿಂಧನೂರಲ್ಲೂ ಇದ್ದಾರೆ, ಲಿಂಗಸುಗೂರು, ಮಸ್ಕಿಯಲ್ಲೂ ಇದ್ದಾರೆ. ಮದುವೆಗೆ, ಜಾತ್ರೆಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ ಮನೆಗಳಲ್ಲಿ ಅಂಥ ತಟ್ಟೆಗಳ ಒಂದಿಷ್ಟು ಕಟ್ಟು ಉಳಿದಿರುವುದುಂಟು. ಧೂಳು ಝಾಡಿಸಿ ಹೊರತೆಗೆದವರ ಮೊದಲ ಪ್ರಶ್ನೆ: "ಅಣ್ಣಾರ, ಇದಕ್ಕ ಎಷ್ಟು ಬರ್ತದ?"

ಇತ್ತ ಈ ಊರುಗಳಿಂದ ಬೆಂಗಳೂರು, ಹೈದರಾಬಾದಿಗೆ ಹೋಗಿ ನೌಕರಿ ಹಿಡಿದ ಹುಡುಗರು ಹೊಸ ಎಲ್‌ಪಿ (ಲಾಂಗ್ ಪ್ಲೇ) ತಟ್ಟೆ ಒಂದಕ್ಕೆ ಎರಡು ಸಾವಿರ ರೂಪಾಯಿಗೂ ಮೇಲೆ ಸುರಿಯುತ್ತಾರೆ. ಮಾರುವವರ ಆಸೆಗೂ ಕೊಳ್ಳುವವರ ಆತುರಕ್ಕೂ ಬೇರು ಒಂದೇ: 'ಇದು ಎಲ್ಲೂ ಸಿಗೋದಿಲ್ಲ' ಎಂಬ ಮಾತು. ಸಿಗದಿರುವುದರಲ್ಲೂ ಎರಡು ಬಗೆ ಇದೆ. ಕೆಲವು ನಿಜಕ್ಕೂ ಉಳಿದಿಲ್ಲ. ಕೆಲವನ್ನು ಬೇಕೆಂದೇ ಕಡಿಮೆ ತಯಾರಿಸಿದ್ದಾರೆ. ಬೆಲೆ ಕೇಳುವ ಮುಂಚೆ ಇದು ಯಾವ ಬಗೆಯ ಕೊರತೆ ಎಂದು ಕೇಳಿಕೊಂಡರೆ ಮಾರುವವರೂ ಕೊಳ್ಳುವವರೂ ಮೋಸ ಹೋಗುವುದು ತಪ್ಪುತ್ತದೆ.

ತಪ್ಪು ಕಲ್ಪನೆ 1: ರೆಕಾರ್ಡ್ ಹಳೆಯದಾದಷ್ಟೂ ಬೆಲೆ ಹೆಚ್ಚು

ಸತ್ಯ: ವಯಸ್ಸಿಗೆ ಬೆಲೆ ಇಲ್ಲ; ಸ್ಥಿತಿಗೆ ಮತ್ತು ಬೇಡಿಕೆಗೆ ಇದೆ. ಗ್ರಾಮಫೋನ್ ಕಂಪನಿ ಕಲ್ಕತ್ತೆಯ ಸಿಯಾಲ್ದಾದಲ್ಲಿ 1908ರಲ್ಲಿ, ದಮ್‌ದಮ್‌ನಲ್ಲಿ 1928ರಲ್ಲಿ ಕಾರ್ಖಾನೆ ತೆರೆದ ಮೇಲೆ ದೇಶದ ಮೂಲೆಮೂಲೆಗೂ ತಟ್ಟೆಗಳು ಹೋದವು. ಜನಪ್ರಿಯ ಸಿನಿಮಾ ಹಾಡಿನ ರೆಕಾರ್ಡುಗಳು ಎಷ್ಟು ಮಾರಾಟವಾಗಿದ್ದವೆಂದರೆ ಅವು ಇಂದಿಗೂ ಧಾರಾಳವಾಗಿ ಸಿಗುತ್ತವೆ.

ಮೈಕ್ ಸೆಟ್ಟಿನವರ ರೆಕಾರ್ಡಿಗೆ ಇನ್ನೊಂದು ತೊಂದರೆ ಇದೆ. ಗ್ರಾಮಫೋನಿನ ಉಕ್ಕಿನ ಸೂಜಿಯನ್ನು ಒಂದು ಬದಿ ಹಾಡು ಮುಗಿದ ಕೂಡಲೇ ಬದಲಿಸಬೇಕಿತ್ತು. ಜಾತ್ರೆಯ ಗದ್ದಲದಲ್ಲಿ, ಮದುವೆ ಚಪ್ಪರದ ಕೆಳಗೆ ಅಷ್ಟು ತಾಳ್ಮೆ ಯಾರಿಗಿತ್ತು? ಒಂದೇ ಸೂಜಿಯಲ್ಲಿ ಹತ್ತಾರು ಹಾಡು ಹಚ್ಚಿದರು. ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಗೆರೆಗಳು ಕಪ್ಪಗೆ ಮಿರಿಮಿರಿ ಮಿಂಚಿದರೆ ಸರಿ. ಬೂದಿ ಬಳಿದಂತೆ ಮಂಕಾಗಿದ್ದರೆ ಸೂಜಿ ಹಾಡನ್ನು ಅರ್ಧ ತಿಂದು ಹಾಕಿದೆ ಎಂದೇ ಲೆಕ್ಕ. ಸಂಗ್ರಾಹಕರು ಮೊದಲು ನೋಡುವುದು ಇದನ್ನೇ.

ಇನ್ನು ಆನ್‌ಲೈನಿನಲ್ಲಿ ಕಾಣುವ ಲಕ್ಷದ ಅಂಕಿ ಮಾರುವವರು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಡಿಸ್ಕಾಗ್ಸ್‌ನಂಥ ತಾಣದಲ್ಲಿ ಅದೇ ರೆಕಾರ್ಡು ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಎಂಬ ವಿವರವೂ ಇರುತ್ತದೆ. ನಂಬುವುದಾದರೆ ಅದನ್ನು ನಂಬಿ.

ತಪ್ಪು ಕಲ್ಪನೆ 2: ಕಪ್ಪು ತಟ್ಟೆಗಳೆಲ್ಲ 'ವಿನೈಲ್'

ಸತ್ಯ: ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗಳಲ್ಲಿ ಬಹುಪಾಲು ಅರಗಿನವು. ಮರದ ಕೊಂಬೆಗೆ ಅಂಟಿಕೊಳ್ಳುವ ಸಣ್ಣ ಹುಳ ಸುರಿಸುವ ಆ ಅರಗನ್ನು ಜಗತ್ತಿಗೆಲ್ಲ ಕೊಟ್ಟದ್ದು ಮುಖ್ಯವಾಗಿ ಭಾರತವೇ, ಅದರಲ್ಲೂ ಈಗಿನ ಜಾರ್ಖಂಡದ ಸುತ್ತಲಿನ ಕಾಡು. ಎರಡನೇ ಮಹಾಯುದ್ಧ ಬಂದಾಗ ಅರಗಿನ ಸಾಗಣೆಗೆ ಕುತ್ತು ಬಂತು. 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳು ಬಳಸುವ ಅರಗಿನಲ್ಲಿ ಶೇ 70ರಷ್ಟು ಕಡಿತ ಮಾಡಿತು. ಹಳೇ ರೆಕಾರ್ಡ್ ತಂದುಕೊಟ್ಟರೆ ಕರಗಿಸಿ ಹೊಸದು ಒತ್ತುವ ಪದ್ಧತಿ ಬಂತು. ಅದು ನಿಜವಾದ ಕೊರತೆ. ಯಾರೂ ಬೇಕೆಂದು ಹುಟ್ಟಿಸಿದ್ದಲ್ಲ.

ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿ ಬಂದದ್ದು 1948ರಲ್ಲಿ, ಚಿಕ್ಕ 45 ಸುತ್ತಿನ ತಟ್ಟೆ 1949ರಲ್ಲಿ. ಈ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ಖಂಡಿತ. ಅರಗಿನ ತಟ್ಟೆ ಕೈ ಜಾರಿದರೆ ಚೂರಾಗುತ್ತದೆ. ಸ್ಪಿರಿಟ್ ಹಾಕಿ ಒರೆಸಿದರೆ ಮೇಲ್ಮೈ ಕರಗುತ್ತದೆ. ಅದರ ಗೆರೆ ಅಗಲ, ಹೀಗಾಗಿ ಎಲ್‌ಪಿಯ ಸಣ್ಣ ಸೂಜಿ ಅದಕ್ಕೆ ಒಗ್ಗುವುದಿಲ್ಲ. 78ರ ವೇಗವಿಲ್ಲದ ಹೊಸ ಪ್ಲೇಯರಿನಲ್ಲಿ ಹಾಡೂ ಬರುವುದಿಲ್ಲ.

ಹೊಳೆಯುವ ಹಿತ್ತಾಳೆ ಕಹಳೆ, ನಾಯಿ ಚಿತ್ರ ಅಂಟಿಸಿದ ಪೆಟ್ಟಿಗೆ ಕಂಡು 'ಅಜ್ಜನ ಕಾಲದ ಗ್ರಾಮಫೋನ್' ಎಂದು ಕೊಳ್ಳುವವರೂ ಹುಷಾರಾಗಿರಬೇಕು. ಅಂಥವು ಬಹಳಷ್ಟು ಈಚೆಗೆ ಬಿಡಿಭಾಗ ಜೋಡಿಸಿ ಮಾಡಿದವು. ತೂಕ ಸರಿಯಿಲ್ಲದ ಅವುಗಳ ಸೂಜಿಗೋಲು ಒಳ್ಳೆಯ ತಟ್ಟೆಯನ್ನೂ ಗೀರಿ ಹಾಕುತ್ತದೆ.

ತಪ್ಪು ಕಲ್ಪನೆ 3: ಅಪರೂಪವಾದದ್ದೆಲ್ಲ ಅಮೂಲ್ಯ

ಸತ್ಯ: ಇದಕ್ಕೆ ಉತ್ತರ ಮಸ್ಕಿಯ ಬಂಡೆಯಲ್ಲೇ ಇದೆ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಅಶೋಕನ ಶಾಸನ ಒಂಟಿ ಪ್ರತಿಯೇನಲ್ಲ. ಅದೇ ಕಿರು ಶಿಲಾಶಾಸನ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಸೇರಿ ದೇಶದ ಹತ್ತಕ್ಕೂ ಹೆಚ್ಚು ಕಡೆ ಇದೆ. ಮಸ್ಕಿಗೆ ಮಹತ್ವ ಬಂದದ್ದು ಅದರಲ್ಲಿ 'ಅಶೋಕ' ಎಂಬ ಹೆಸರು ಇದ್ದುದರಿಂದ. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಹಾಗೆಂದು ಮಸ್ಕಿಯ ಬೆಲೆ ಇಳಿಯಲಿಲ್ಲ.

ರೆಕಾರ್ಡಿನ ಲೆಕ್ಕವೂ ಇದೇ. ಎಷ್ಟು ಪ್ರತಿ ಇವೆ ಎಂಬುದಕ್ಕಿಂತ ಒಳಗೆ ಏನಿದೆ, ಅದು ಯಾರಿಗೆ ಬೇಕು ಎಂಬುದು ದೊಡ್ಡದು. ಪ್ರಪಂಚದಲ್ಲಿ ಹತ್ತೇ ಪ್ರತಿ ಉಳಿದ, ಆದರೆ ಯಾರೂ ಕೇಳದ ಜಾಹೀರಾತಿನ ತಟ್ಟೆ ಅಪರೂಪವೇನೋ ಹೌದು. ಬೆಲೆ ಮಾತ್ರ ಹುಟ್ಟುವುದಿಲ್ಲ.

ತಪ್ಪು ಕಲ್ಪನೆ 4: 'ಲಿಮಿಟೆಡ್ ಎಡಿಷನ್' ಎಂದರೆ ಮತ್ತೆ ಬರುವುದಿಲ್ಲ

ಸತ್ಯ: ಬಹಳಷ್ಟು ಸಲ ಅದು ಕವರಿನ ಮೇಲಿನ ಚೀಟಿ, ಅಷ್ಟೇ. ಎಷ್ಟು ಪ್ರತಿ ಎಂಬ ಅಂಕಿಯನ್ನು ಎಲ್ಲ ಕಂಪನಿಗಳೂ ಹೇಳುವುದಿಲ್ಲ. ಕೆಂಪು ತಟ್ಟೆ ಮುಗಿದರೆ ಹಸಿರು ಬರುತ್ತದೆ, ಹಸಿರು ಮುಗಿದರೆ ಚುಕ್ಕಿಯದು. ಹಾಡು ಮಾತ್ರ ಅದೇ.

ತಯಾರಿಕೆಯನ್ನು ನೋಡಿದರೆ ಗುಟ್ಟು ತಿಳಿಯುತ್ತದೆ. ಮೆದು ಲೇಪನದ ತಟ್ಟೆಯ ಮೇಲೆ ಹಾಡಿನ ಗೆರೆ ಕೊರೆಯುತ್ತಾರೆ. ಅದರಿಂದ ಲೋಹದ ಅಚ್ಚು, ಆ ಅಚ್ಚಿನಿಂದ ತಾಯಿ ತಟ್ಟೆ, ತಾಯಿಯಿಂದ ಒತ್ತುವ ಅಚ್ಚುಗಳು. ಒತ್ತುವ ಅಚ್ಚು ಒಂದು ಸಾವಿರದ ಆಸುಪಾಸು ಪ್ರತಿ ತೆಗೆದು ಸವೆಯುತ್ತದೆ. ತಾಯಿ ತಟ್ಟೆ ಇರುವವರೆಗೆ ಹೊಸ ಅಚ್ಚು ಎತ್ತಬಹುದು. ಐನೂರಕ್ಕೆ ನಿಲ್ಲಿಸುವುದು ಯಂತ್ರವಲ್ಲ, ಕಂಪನಿಯ ಲೆಕ್ಕಾಚಾರ.

ಇದು ಹೊಸ ಚಾಳಿಯೂ ಅಲ್ಲ. 1903ರಲ್ಲೇ ಅಮೆರಿಕದ ವಿಕ್ಟರ್ ಕಂಪನಿ ಕರೂಸೋನಂಥ ಗಾಯಕರ ತಟ್ಟೆಗೆ ಕೆಂಪು ಚೀಟಿ ಅಂಟಿಸಿ ಹೆಚ್ಚಿನ ಬೆಲೆ ಇಟ್ಟಿತು. ಅರಗು ಅದೇ, ಚೀಟಿಯ ಬಣ್ಣ ಬೇರೆ. ನಮ್ಮ ಕಾಲದಲ್ಲಿ ಟೇಲರ್ ಸ್ವಿಫ್ಟ್ ಅವರ 2022ರ 'ಮಿಡ್‌ನೈಟ್ಸ್' ಆಲ್ಬಂ ನಾಲ್ಕು ಬೇರೆ ಬೇರೆ ಹೊದಿಕೆಯಲ್ಲಿ ಬಂತು. ನಾಲ್ಕನ್ನೂ ಕೊಂಡು ಜೋಡಿಸಿದರೆ ಗಡಿಯಾರದ ಚಿತ್ರ! ಅಮೆರಿಕದಲ್ಲಿ ಮೊದಲ ವಾರವೇ ಐದು ಲಕ್ಷಕ್ಕೂ ಹೆಚ್ಚು ವಿನೈಲ್ ಖರ್ಚಾದ ಸರಕನ್ನು 'ವಿಶೇಷ ಆವೃತ್ತಿ' ಎಂದು ಮಾರಲು ಬಂತೆಂದರೆ, ವಿಶೇಷ ಎಂಬುದು ಎಷ್ಟು ಅಗ್ಗವಾಗಿದೆ ನೋಡಿ. ವಿನೈಲ್ ಕೊಂಡ ಅಮೆರಿಕನ್ನರಲ್ಲಿ ಸುಮಾರು ಅರ್ಧದಷ್ಟು ಜನರ ಬಳಿ ಪ್ಲೇಯರೇ ಇಲ್ಲ ಎಂದು ಲ್ಯುಮಿನೇಟ್ ಸಂಸ್ಥೆಯ ಸಮೀಕ್ಷೆ ಹೇಳಿತ್ತು. ಕೇಳುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೇ ಕೊಳ್ಳುವವರು ಇರುವವರೆಗೆ ಈ ಆಟ ನಡೆಯುತ್ತದೆ.

ತಪ್ಪು ಕಲ್ಪನೆ 5: ಎಲ್ಲ ಕೊರತೆಯೂ ಕಂಪನಿಗಳ ನಾಟಕ

ಸತ್ಯ: ಅದೂ ಪೂರ್ತಿ ನಿಜವಲ್ಲ. ಕ್ಯಾಸೆಟ್, ಆಮೇಲೆ ಸಿಡಿ ಬಂದು ರೆಕಾರ್ಡ್ ಒತ್ತುವ ಕಾರ್ಖಾನೆಗಳು ಜಗತ್ತಿನಾದ್ಯಂತ ಬಾಗಿಲು ಹಾಕಿದವು. ಭಾರತದಲ್ಲೂ ದಶಕಗಳ ಕಾಲ ಒತ್ತುವ ಕೆಲಸವೇ ನಿಂತಿತ್ತು. ಕನ್ನಡದಲ್ಲಿ 1978ರ 'ನಿತ್ಯೋತ್ಸವ' ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ನಾಂದಿ ಹಾಡಿತು. ಕ್ಯಾಸೆಟ್ ಅಗ್ಗ, ಬಸ್ಸಿನಲ್ಲೂ ಹಚ್ಚಬಹುದು, ಕೈ ಜಾರಿದರೆ ಒಡೆಯದು. ಆ ಹೊತ್ತಿಗೆ ಕೊಳ್ಳುವವರೇ ಕಡಿಮೆಯಾಗಿದ್ದರಿಂದ ರೆಕಾರ್ಡ್ ಯುಗದ ಕೊನೆಗಾಲದ ಎಲ್‌ಪಿಗಳು ಕಡಿಮೆ ಸಂಖ್ಯೆಯಲ್ಲಿ ಬಂದವು. ಇವತ್ತು ಅವು ಸಿಗದಿರುವುದಕ್ಕೆ ಯಾರ ಹುನ್ನಾರವೂ ಕಾರಣವಲ್ಲ.

ಬೇಡಿಕೆ ಮರಳಿದಾಗ ಯಂತ್ರಗಳೇ ಸಾಲಲಿಲ್ಲ. 2023ರಲ್ಲಿ ಅಮೆರಿಕದಲ್ಲಿ 4.3 ಕೋಟಿ ವಿನೈಲ್ ಮಾರಾಟವಾಯಿತು, ಸಿಡಿ 3.7 ಕೋಟಿ. ಗೆರೆ ಕೊರೆಯಲು ಬೇಕಾದ ಮೆದು ಲೇಪನದ ತಟ್ಟೆ ಮಾಡುವ ದೊಡ್ಡ ಕಾರ್ಖಾನೆಗಳು ಜಗತ್ತಿನಲ್ಲಿ ಎರಡೇ ಇದ್ದವು. ಅವುಗಳಲ್ಲಿ ಒಂದಾದ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ 2020ರ ಫೆಬ್ರುವರಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಜಪಾನಿನ ಒಂದು. ಆಮೇಲೆ ಕೋವಿಡ್. ಚಿಕ್ಕ ಕಲಾವಿದರು ತಿಂಗಳುಗಟ್ಟಲೆ ಸರದಿಯಲ್ಲಿ ಕಾದರು.

ನಮ್ಮಲ್ಲಿ ಮಾರಾಟವಾಗುವ ಹೊಸ ಎಲ್‌ಪಿಗಳಲ್ಲಿ ಬಹಳಷ್ಟು ಹೊರದೇಶದಲ್ಲಿ ಒತ್ತಿಸಿ ತಂದವು. ಹಡಗಿನ ಬಾಡಿಗೆ, ಸುಂಕ, ವ್ಯಾಪಾರಿಯ ಲಾಭ ಎಲ್ಲ ಸೇರಿ ಬೆಲೆ ಏರುತ್ತದೆ. ಈಚೆಗೆ ಮುಂಬೈ ಕಡೆ ಮತ್ತೆ ಒತ್ತುವ ಕೆಲಸ ಶುರುವಾಗಿದೆ. ಆದರೆ ಅಚ್ಚಿನ ಖರ್ಚು ಪ್ರತಿ ಎಷ್ಟಾದರೂ ಒಂದೇ. ಮುನ್ನೂರು ಜನ ಕೊಳ್ಳುವ ಕನ್ನಡ ಆಲ್ಬಮ್ಮಿಗೆ ಆ ಖರ್ಚನ್ನು ಮುನ್ನೂರಕ್ಕೇ ಹಂಚಬೇಕು. ಅಂಥದ್ದು ದುಬಾರಿಯಾದರೆ ಅದು ಮೋಸವಲ್ಲ.

ತಪ್ಪು ಕಲ್ಪನೆ 6: ಬಣ್ಣದ, ಭಾರದ ತಟ್ಟೆಯಲ್ಲಿ ನಾದ ಹೆಚ್ಚು

ಸತ್ಯ: 180 ಗ್ರಾಂ ತಟ್ಟೆ ಅಷ್ಟು ಸುಲಭವಾಗಿ ಸೊಟ್ಟಗಾಗದು, ಕೈಗೂ ಘನವಾಗಿ ಕೂರುತ್ತದೆ. ಹಾಡಿನ ಗೆರೆಯ ಆಳ ಮಾತ್ರ ತೂಕದ ಜೊತೆ ಹೆಚ್ಚುವುದಿಲ್ಲ. ನಾದ ತೀರ್ಮಾನವಾಗುವುದು ಮೂಲ ಧ್ವನಿಮುದ್ರಣದಲ್ಲಿ, ಗೆರೆ ಕೊರೆದವನ ಕಸುಬಿನಲ್ಲಿ. ಕಪ್ಪು ಬಣ್ಣವೂ ಸಹಜವಲ್ಲ, ಇಂಗಾಲದ ಪುಡಿ ಬೆರೆಸಿ ಬಂದದ್ದು. ಚಿತ್ರ ಮುದ್ರಿಸಿದ ತಟ್ಟೆಗಳಲ್ಲಂತೂ ಸರಸರ ಸದ್ದು ಸಾಮಾನ್ಯವಾಗಿ ಹೆಚ್ಚು. ಬಣ್ಣಕ್ಕೆ ಕೊಡುವ ಹೆಚ್ಚುವರಿ ದುಡ್ಡು ಕಣ್ಣಿಗೆ, ಕಿವಿಗಲ್ಲ.

ತಪ್ಪು ಕಲ್ಪನೆ 7: ರೆಕಾರ್ಡ್ ಚಿನ್ನವಿದ್ದಂತೆ, ಇಟ್ಟಷ್ಟೂ ಏರುತ್ತದೆ

ಸತ್ಯ: ಹಟ್ಟಿ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನವರಿಗೆ ಚಿನ್ನದ ಮಾತು ಬಿಡಿಸಿ ಹೇಳಬೇಕಿಲ್ಲ. ಚಿನ್ನವನ್ನು ಒರೆಗೆ ಹಚ್ಚಬಹುದು, ತೂಗಬಹುದು. ಯಾವ ಊರಿಗೆ ಹೋದರೂ ಕೊಳ್ಳುವವರಿದ್ದಾರೆ. ರೆಕಾರ್ಡಿಗೆ ಕೊಳ್ಳುವವನನ್ನು ಹುಡುಕಿಕೊಂಡು ಹೋಗಬೇಕು. ಕಂಪನಿ ಮರುಮುದ್ರಣ ತಂದಿತೆಂದರೆ ನಿನ್ನೆಯ 'ಅಪರೂಪ'ದ ಬೆಲೆ ಇಳಿಯಬಹುದು.

ಜೊತೆಗೆ ನಮ್ಮ ಸೀಮೆಯ ಬಿಸಿಲು. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಕೆಳಗಿನ ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ವಿನೈಲ್ ಸೊಟ್ಟಗಾಗದೆ ಇರುತ್ತದೆಯೇ? ಕವರಿಗೆ ಗೆದ್ದಲು ಬಿದ್ದರೆ ಬೆಲೆಯ ಅರ್ಧ ಅಲ್ಲಿಗೇ ಹೋಯಿತು. ತಟ್ಟೆಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಮನೆಯ ತಂಪಾದ ಒಳಕೋಣೆಯಲ್ಲಿ ಇಡಬೇಕು.

ತಪ್ಪು ಕಲ್ಪನೆ 8: ರೆಕಾರ್ಡ್ ಎಂಬುದು ದೊಡ್ಡ ಊರಿನವರ ಶೋಕಿ, ನಮ್ಮ ಕಡೆ ಏನಿತ್ತು?

ಸತ್ಯ: ಮುಖ್ಯವಾದ ತಪ್ಪು ಇದೇ. ಭಾರತದಲ್ಲಿ 1902ರಲ್ಲಿ ಮೊದಲ ಧ್ವನಿಮುದ್ರಣ ಕೊಟ್ಟ ಪ್ರಮುಖ ಗಾಯಕಿಯರಲ್ಲಿ ಒಬ್ಬರಾದ ಗೌಹರ್ ಜಾನ್ ಕೊನೆಯುಸಿರೆಳೆದದ್ದು 1930ರಲ್ಲಿ, ಮೈಸೂರಿನಲ್ಲಿ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹಲವು ಭಾಷೆಗಳಲ್ಲಿ ಹಾಡಿದರು. 1930ರ ದಶಕದಲ್ಲೇ ಮಲ್ಲಿಕಾರ್ಜುನ ಮನ್ಸೂರರ ಹಾಡು ಎಚ್‌ಎಂವಿ ತಟ್ಟೆಯಲ್ಲಿತ್ತು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳ ಚೀಟಿಯ ಮೇಲೆ ಇರುವುದು 'ಗಾಂಧಾರಿ' ಎಂಬ ಹೆಸರು. ಗೊತ್ತಿಲ್ಲದವರು 'ಯಾರೋ ಗಾಂಧಾರಿಯಂತೆ' ಎಂದು ಗುಜರಿಗೆ ಹಾಕಬಹುದಾದ ತಟ್ಟೆ ಅದು.

ನಾಟಕದ ಹಾಡು, ವಚನ, ತತ್ವಪದ, ಭಜನೆ: ಇಂಥವು ಸಿನಿಮಾ ಹಾಡಿನಷ್ಟು ಮಾರಾಟವಾಗಲಿಲ್ಲ, ಎಲ್ಲವೂ ಸಿಡಿಗೆ ಏರಲಿಲ್ಲ, ಮೊಬೈಲಿಗೂ ಬರಲಿಲ್ಲ. ಒಡೆದವು ಒಡೆದವು, ಉಳಿದವು ಅಟ್ಟದಲ್ಲಿವೆ. ಇಲ್ಲಿನ ಕೊರತೆಗೆ ಚೀಟಿ ಅಂಟಿಸಿದವರಿಲ್ಲ, ಪ್ರಚಾರ ಮಾಡಿದವರಿಲ್ಲ. ಹೀಗಾಗಿಯೇ ಪೇಟೆಯಲ್ಲಿ ಇದಕ್ಕೆ ದೊಡ್ಡ ರೇಟೂ ಇಲ್ಲ. ಮುನ್ನೂರು ಬಣ್ಣದಲ್ಲಿ ಮತ್ತೆ ಮತ್ತೆ ಒತ್ತಬಹುದಾದ ತಟ್ಟೆಗೆ ಸಾವಿರಾರು ರೂಪಾಯಿ. ಇನ್ನೊಮ್ಮೆ ಒತ್ತಲು ಅಚ್ಚೇ ಉಳಿಯದಿರಬಹುದಾದ ತಟ್ಟೆಗೆ ಗುಜರಿಯ ತಕ್ಕಡಿ.

ಹಾಗಾದರೆ ಏನು ಮಾಡಬೇಕು?

ಕೊಳ್ಳುವವರು: 'ಲಿಮಿಟೆಡ್' ಎಂದರೆ ಎಷ್ಟು ಪ್ರತಿ ಎಂದು ಕೇಳಿ. ಅಂಕಿ ಹೇಳದಿದ್ದರೆ ಆ ಮಾತಿಗೆ ದುಡ್ಡು ಕೊಡಬೇಡಿ. ಹಾಡು ಬೇಕಿದ್ದರೆ ಸಾದಾ ಕಪ್ಪು ತಟ್ಟೆ ಸಾಕು. ಮರುಮುದ್ರಣದವರೆಗೆ ಕಾದರೂ ಕಳೆದುಕೊಳ್ಳುವುದೇನಿಲ್ಲ.

ಮನೆಯಲ್ಲಿ ಹಳೇ ತಟ್ಟೆ ಇರುವವರು: ಒಡೆದದ್ದು, ಒಡೆಯದ್ದು ಬೇರೆ ಮಾಡಿ. ಚೀಟಿಯ ಮೇಲಿನ ಹಾಡುಗಾರರ ಹೆಸರು, ಕಂಪನಿ, ಸಂಖ್ಯೆ ಬರೆದುಕೊಳ್ಳಿ. ಕೊನೆಯ ಗೆರೆಗೂ ಚೀಟಿಗೂ ನಡುವಿನ ನುಣುಪು ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಕೊರೆದ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನೂ ಬರೆಯಿರಿ. ತಟ್ಟೆ ಯಾವ ಅಚ್ಚಿನದು ಎಂದು ತಿಳಿದವರು ಗುರುತಿಸುವುದು ಅದರಿಂದಲೇ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್, 1990ರಲ್ಲಿ ಮುಂಬೈಯಲ್ಲಿ ಶುರುವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಇಂಥ ತಟ್ಟೆಗಳಲ್ಲಿ ಆಸಕ್ತಿ ಇರುವ ಸಂಸ್ಥೆಗಳು. ಹಾಡನ್ನು ಬೇರೆಯವರಿಗೆ ಹಂಚುವ ಮುಂಚೆ ಇದು ಗೊತ್ತಿರಲಿ: ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ; ಹಾಡು ಬರೆದವರ, ರಾಗ ಹಾಕಿದವರ ಹಕ್ಕಿನ ಲೆಕ್ಕ ಬೇರೆ.

ಮೊದಲು ಸರಿಯಾದ ಸೂಜಿಯಲ್ಲಿ ಹಚ್ಚಿಸಿ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮಾರುವ ಮಾತು ಆಮೇಲೆ. ತಟ್ಟೆಗೆ ನೂರು ರೂಪಾಯಿ ಬರಲಿ, ಸಾವಿರ ಬರಲಿ, ಹಾಡಂತೂ ನಿಮ್ಮಲ್ಲೇ ಉಳಿಯುತ್ತದೆ.